ತಾಳ ಕಟ್ಟುವವನ ಹೊಣೆ

ದೇವದುರ್ಗ, ಮಾನ್ವಿಗಳ ಹಾದಿಯಲ್ಲಿ ಸಾಗುವ ಟ್ರ್ಯಾಕ್ಟರಿನಿಂದಾಗಲಿ, ರಾಯಚೂರು ನಗರದ ಮದುವೆಯ ಮೆರವಣಿಗೆಯಿಂದಾಗಲಿ ‘3 ಪೆಗ್’ ಎಂಬ ಹಾಡು ಕಿವಿಗೆ ಬೀಳದ ತರುಣನು ನಮ್ಮ ಸೀಮೆಯಲ್ಲಿ ವಿರಳವೆಂದರೆ ಅತಿಶಯೋಕ್ತಿಯಾಗಲಾರದು. ಈ ಹಾಡು ಶ್ರೀ ಚಂದನ್ ಶೆಟ್ಟಿಯವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಹಾಸನ ಜಿಲ್ಲೆಯ ಈ ತರುಣರು 2012ರ ‘ಅಲೆಮಾರಿ’ ಚಿತ್ರದಲ್ಲಿ ಶ್ರೀ ಅರ್ಜುನ್ ಜನ್ಯರ ಕೈಕೆಳಗೆ ದುಡಿದವರು. 2018ರಲ್ಲಿ ಟೀವಿಯ ‘ಬಿಗ್ ಬಾಸ್’ ಸ್ಪರ್ಧೆಯನ್ನು ಗೆದ್ದವರು. 2020ರಲ್ಲಿ ‘ಪೊಗರು’ ಚಿತ್ರದ ‘ಖರಾಬು’ ಹಾಡಿಗೆ ಸಂಗೀತ ಕೊಟ್ಟು ನಾಡಿನ ಗಡಿಯಾಚೆಗೂ ಹೆಸರಾದವರು.

ಹಿಪ್‌ಹಾಪ್ ಎಂಬ ಈ ಬಗೆಯ ಸಂಗೀತದಲ್ಲಿ ರಾಗಕ್ಕಿಂತ ತಾಳಕ್ಕೆ, ಆಲಾಪಕ್ಕಿಂತ ಮಾತಿಗೆ ಬೆಲೆ ಹೆಚ್ಚು. ಹಳೆಯ ಮುದ್ರಿಕೆಯ ತುಣುಕೊಂದನ್ನೋ ಯಂತ್ರದ ಡೋಲಿನ ಪೆಟ್ಟನ್ನೋ ಮರಮರಳಿ ನುಡಿಸಿ, ಅದರ ಮೇಲೆ ಮಾತನ್ನು ಕೂಡಿಸುವಾತನೇ ನಿರ್ಮಾಪಕ. ಯಾವ ಮಾತು ಮುಂದೆ ನಿಲ್ಲಬೇಕು, ತಾಳವು ಎಲ್ಲಿ ಬಿಟ್ಟು ಎಲ್ಲಿ ಬೀಳಬೇಕು ಎಂಬದು ಅವನ ಕೈಯಲ್ಲಿರುವದು. ಇದನ್ನು ಬರಿಯ ಗದ್ದಲವೆಂದು ತಳ್ಳಿಬಿಡುವ ಹಿರಿಯರೊಡನೆ ನಮಗೆ ಸಹಮತವಿಲ್ಲ. ಕನ್ನಡದ ಮಾತು ಇಂಥ ಓಟಕ್ಕೂ ಒಗ್ಗುವದೆಂದು ಶ್ರೀ ಶೆಟ್ಟಿಯವರೂ ಅವರ ಸಮಕಾಲೀನರೂ ತೋರಿಸಿಕೊಟ್ಟದ್ದು ಸಣ್ಣ ಸಾಧನೆಯಲ್ಲ.

ಆದರೆ ಆ ಮಾತು ಯಾವುದು?

2019ರ ಜನವರಿ 19ರಂದು ಪಾನನಿಷೇಧವನ್ನು ಬೇಡುತ್ತ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಕಾಲ್ನಡಿಗೆಯಲ್ಲಿ ಹೊರಟರು. ಸುಮಾರು 200 ಕಿಲೋಮೀಟರುಗಳನ್ನು ಸವೆಸಿ, ಮಹಾತ್ಮರು ಹುತಾತ್ಮರಾದ ಜನವರಿ 30ರಂದು ಬೆಂಗಳೂರನ್ನು ಮುಟ್ಟಿದರು. ಆ ಚಳವಳಿಗೆ ಬೆನ್ನೆಲುಬಾದವರು ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳ ಕೂಲಿಯ ಹೆಂಗಸರು. ಹತ್ತಿ ಬಿಡಿಸಿ, ಭತ್ತ ನಾಟಿ ತಂದ ಕೂಲಿಯು ಸಂಜೆಗೆ ಸಾರಾಯಿಯ ಪಾಲಾಗುವದನ್ನು ಕಂಡವರು ಅವರು. ಆದರೂ ಪಾನನಿಷೇಧವು ಜಾರಿಗೆ ಬರಲಿಲ್ಲ; ಅಬಕಾರಿಯ ಆದಾಯವನ್ನು ಬಿಡಲು ಬೊಕ್ಕಸಕ್ಕೆ ಮನಸ್ಸಾಗಲಿಲ್ಲ.

ಒಂದು ಹಾಡಿನಿಂದ ಕುಡಿತ ಹುಟ್ಟಿತೆಂದು ಹೇಳುವಷ್ಟು ಅವಿವೇಕಿಗಳು ನಾವಲ್ಲ. ಆ ಹೆಂಗಸರು ದೂರಿದ್ದೂ ಹಾಡನ್ನಲ್ಲ, ಸರಕಾರವನ್ನು. ಆದರೆ ಗಂಡನು ಕುಣಿಯುವ ಮಾತಿಗೆ ತಾಳ ದೊರೆಯಿತು, ಹೆಂಡತಿಯು ನಡೆದ ದಾರಿಗೆ ದೊರೆಯಲಿಲ್ಲ ಎಂಬದು ನಮ್ಮನ್ನು ಚುಚ್ಚುವದು.

ಈ ವಿದ್ಯೆಯ ತವರಿನಲ್ಲಿಯೂ ಇಂಥ ಪ್ರಸಂಗವೊಂದು ಬಂದಿತ್ತು. ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಯಲ್ಲಿ 1973ರ ಸುಮಾರಿಗೆ ಬಡ ಕರಿಯರ ಮೋಜಿನ ಕೂಟಗಳಲ್ಲಿ ಹಿಪ್‌ಹಾಪ್ ಹುಟ್ಟಿತು. ಅದನ್ನು 1979ರಲ್ಲಿ ಮುದ್ರಿಕೆಗೆ ಇಳಿಸಿ ಲೋಕಕ್ಕೆ ಕೇಳಿಸಿದ ನಿರ್ಮಾಪಕಿ ಸಿಲ್ವಿಯಾ ರಾಬಿನ್ಸನ್. ಮೂರು ವರುಷಗಳ ತರುವಾಯ ಆಕೆ, ಕೇರಿಯ ಕೊಳಕು, ನಿರುದ್ಯೋಗ, ಹತಾಶೆಗಳನ್ನು ಹೇಳುವ ‘ದಿ ಮೆಸೇಜ್’ ಎಂಬ ಹಾಡನ್ನು ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬವರ ತಂಡದ ಮುಂದಿಟ್ಟರು. ಮೋಜಿನ ಹಾಡುಗಳಿಗೆ ರೂಢಿಯಾದ ತಂಡದವರು ಹಿಂಜರಿದರು. ನಿರ್ಮಾಪಕಿಯು ಪಟ್ಟು ಬಿಡಲಿಲ್ಲ. 1982ರಲ್ಲಿ ಹಾಡು ಹೊರಬಂದಿತು. ಜನರು ಕುಣಿದರು, ಕೇಳಿದರು ಕೂಡ. 2002ರಲ್ಲಿ ಅಮೇರಿಕೆಯು ತನ್ನ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಮೊದಲ ಪಟ್ಟಿಯಲ್ಲಿಯೇ ಅದನ್ನು ಸೇರಿಸಿಕೊಂಡಿತು.

ಮಾತಿನ ಬಡತನ ನಮಗಂತೂ ಇಲ್ಲ. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಬಾಳಿದ ಊರು ಮಾನ್ವಿ; ವಚನಗಳಿಗೆ ಹಿಂದೂಸ್ತಾನಿ ರಾಗಗಳನ್ನು ಕೂಡಿಸಿ ಹಾಡಿದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರು ಇದೇ ಜಿಲ್ಲೆಯ ಜಂಬಲದಿನ್ನಿಯವರು, ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಮೊಹರಂ ಬಂದಿತೆಂದರೆ ಹೆಜ್ಜೆಯ ತಾಳಕ್ಕೆ ಪದ ಕಟ್ಟುವವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಹಾಡನ್ನು ಮುದ್ರಿಸಲು ಈಗ ಮುಂಬಯಿ, ಮದ್ರಾಸುಗಳಿಗೆ ಓಡಬೇಕಾಗಿಲ್ಲ. ಒಂದು ಕಂಪ್ಯೂಟರೂ ಒಂದು ಮೈಕೂ ಇದ್ದರೆ ದೇವದುರ್ಗದ ಬಾಡಿಗೆ ಕೋಣೆಯಲ್ಲಿಯೂ ಈ ಕೆಲಸವಾಗುವದು. ನಮ್ಮ ಸೀಮೆಯ ತರುಣನೊಬ್ಬನು ಅದಕ್ಕೆ ಕೈಹಾಕಿದರೆ ಸಂತೋಷ. ಅದಕ್ಕೂ ಮುಂಚೆ ಸ್ವತಃ ಶ್ರೀ ಶೆಟ್ಟಿಯವರೇ ಬಂದು, 2019ರಲ್ಲಿ ನಡೆದ ಆ ತಾಯಂದಿರ ಜಗಲಿಯ ಮೇಲೆ ಒಂದು ಸಂಜೆ ಕುಳಿತು ಅವರ ಮಾತು ಕೇಳುವದಾದರೆ, ಊಟಕ್ಕೆ ಜೋಳದ ರೊಟ್ಟಿ ಸಿಗುವದೆಂಬ ಭರವಸೆಯನ್ನು ನಾವು ಕೊಡಬಲ್ಲೆವು.