ಜಾಲರಿಯಿಂದ ಇಳಿದ ಮುಖಗಳು

ಮದುವೆಯ ಮನೆಯಿಂದ ಹಿಂದಿರುಗುವಾಗ ಕೈಗೆ ಬರುವ ತಾಂಬೂಲದ ಚೀಲವನ್ನು, ಒಳಗಿನ ತೆಂಗಿನಕಾಯಿಯನ್ನು ತೆಗೆದಿಟ್ಟ ಮೇಲೆ, ಯಾರೂ ಎರಡನೆಯ ಸಲ ನೋಡುವುದಿಲ್ಲ. ಅದರ ಮೇಲೆ ಅಚ್ಚಾಗಿರುವ ವಧೂವರರ ಹೆಸರು, ಮುಹೂರ್ತದ ದಿನಾಂಕ, ನಾಲ್ಕೇ ಗೆರೆಗಳ ಗಣಪತಿ, ಇವೆಲ್ಲವೂ ಕೆಲವು ಕಾಲ ಸೊಪ್ಪು ತರಕಾರಿಗಳ ಸಹವಾಸದಲ್ಲಿ ಸಂತೆಗೆ ಹೋಗಿ ಬಂದು ಕಡೆಗೊಂದು ದಿನ ನೆಲ ಒರೆಸುವ ಬಟ್ಟೆಯಲ್ಲಿ ಪರ್ಯವಸಾನ ಹೊಂದುತ್ತವೆ. ಆ ಚೀಲದ ಮೇಲೆ ಅಚ್ಚೊತ್ತುವ ಇದೇ ಜಾಲರಿ ಮುದ್ರಣದ (ಸ್ಕ್ರೀನ್ ಪ್ರಿಂಟಿಂಗ್) ವಿದ್ಯೆ, ಇದೇ ಮರದ ಚೌಕಟ್ಟು, ಇದೇ ಬಿಗಿದ ಬಟ್ಟೆ, ಇದೇ ರಬ್ಬರಿನ ಪಟ್ಟಿ ಸಮುದ್ರದಾಚೆಯ ದೇಶಗಳಲ್ಲಿ ಪಂಕ್ ಎಂಬ ಸಂಗೀತದ ಗಾಯಕರ ಮುಖಗಳನ್ನು ಕಾಗದದ ಮೇಲಿಳಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು ಸಹಿ ಹಾಕಿಸಿ, ಸಂಗ್ರಾಹಕರ ಮನೆಯ ಗೋಡೆಗೆ ಏರಿಸಿದೆ ಎಂಬ ಸಂಗತಿ ನನಗೆ ತಿಳಿದದ್ದು, ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಹೋದ ವರ್ಷ ನಮ್ಮೂರು ಹಲಗೂರಿಗೆ ಬರುವಾಗ ರಟ್ಟಿನ ಕೊಳವೆಯಲ್ಲಿ ಸುರುಳಿ ಸುತ್ತಿ ತಂದಿದ್ದ ಒಂದು ಹಾಳೆಯಿಂದ.

ಹಾಳೆಯ ಅಗಲ 18 ಅಂಗುಲ, ಉದ್ದ 24. ಹಳೆಯ ಪಂಚಾಂಗದಂತೆ ಕೆನೆಬಣ್ಣಕ್ಕೆ ತಿರುಗಿದ ಕಾಗದ. ಅದರ ಮೇಲೆ ಕೆಂಪು, ಬೂದು, ಕಪ್ಪು, ಮೂರೇ ಮಸಿ. ಕೊರಳಿಗೆ ಗಿಟಾರಿನ ಪಟ್ಟಿ ಹಾಕಿಕೊಂಡು, ದವಡೆ ಬಿಗಿಹಿಡಿದು, ಯಾರೊಡನೆಯೋ ಜಗಳ ಕಾಯ್ದು ಈಗಷ್ಟೇ ಬಂದವನಂತೆ ಪಕ್ಕಕ್ಕೆ ನೋಡುತ್ತಿರುವ ಒಬ್ಬ ಯುವಕ. ಎಡಗಡೆಯ ಕೆಳಮೂಲೆಯಲ್ಲಿ ಸೀಸದಕಡ್ಡಿಯಿಂದ 212/450 ಎಂದು ಬರೆದಿತ್ತು. ನಾನೂರೈವತ್ತು ಪ್ರತಿಗಳಲ್ಲಿ ಇದು ಇನ್ನೂರ ಹನ್ನೆರಡನೆಯದೆಂದು ಅದರ ಅರ್ಥ. ಬಲಗಡೆಯಲ್ಲಿ ಕಲಾವಿದನ ಸಹಿ. ಬೆರಳಾಡಿಸಿದರೆ ಕಪ್ಪು ಮಸಿ ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದಿರುವುದು ತಿಳಿಯುತ್ತಿತ್ತು. ಚಿತ್ರದಲ್ಲಿದ್ದವನು ಜೋ ಸ್ಟ್ರಮ್ಮರ್. ಚಿತ್ರಿಸಿದವನು ಶೆಪರ್ಡ್ ಫೇರಿ.

ಪಂಕ್ ಎಂಬ ಶಬ್ದಕ್ಕೆ ಇಂಗ್ಲಿಷಿನಲ್ಲಿ ಪೋಕರಿ, ಕೆಲಸಕ್ಕೆ ಬಾರದವನು ಎಂದರ್ಥ. ಬೈಗುಳವನ್ನೇ ಬಿರುದಾಗಿ ಧರಿಸಿಕೊಂಡ ಪಂಥವಿದು. 1970ರ ದಶಕದ ನಡುವೆ ನ್ಯೂಯಾರ್ಕಿನಲ್ಲಿಯೂ ಲಂಡನ್ನಿನಲ್ಲಿಯೂ, ಪಳಗಿದ ವಾದಕರ ದೀರ್ಘ ವಿಲಾಸಗಳಿಂದ ಬೇಸತ್ತ ತರುಣರು, ಮೂರು ಸ್ವರಮೇಳಗಳನ್ನು ಕಲಿತವನಿಗೆ ವೇದಿಕೆಯೇರುವ ಅಧಿಕಾರವುಂಟೆಂದು ಸಾರಿ, ಹರಿದ ಬಟ್ಟೆಗೆ ಪಿನ್ನು ಚುಚ್ಚಿಕೊಂಡು ಹಾಡತೊಡಗಿದರು. ರಮೋನ್ಸ್ ತಂಡದ ಮೊದಲ ಧ್ವನಿಮುದ್ರಿಕೆ 1976ರಲ್ಲಿ ಹೊರಬಂದಿತು; ಸ್ಟ್ರಮ್ಮರನ ಕ್ಲ್ಯಾಶ್ ತಂಡವೂ ಅದೇ ವರ್ಷ ಲಂಡನ್ನಿನಲ್ಲಿ ಹುಟ್ಟಿತು. ಸ್ಟ್ರಮ್ಮರ್ ಎಂಬುದು ಅವನು ತಾನೇ ಇಟ್ಟುಕೊಂಡ ಹೆಸರು. 1952ರಲ್ಲಿ ತುರ್ಕಿಯ ಅಂಕಾರಾದಲ್ಲಿ, ರಾಯಭಾರ ಇಲಾಖೆಯ ಅಧಿಕಾರಿಯೊಬ್ಬರ ಮಗನಾಗಿ ಹುಟ್ಟಿದ ಜಾನ್ ಗ್ರಹಾಂ ಮೆಲ್ಲರ್ ಎಂಬಾತ, ತಂತಿಯನ್ನು ನಾಜೂಕಾಗಿ ಮೀಟಲು ಬಾರದೆ ಬರಿದೆ ಗೀಚುವವನು ತಾನೆಂದು ಹಾಗೆ ಕರೆದುಕೊಂಡ. 1976ರಲ್ಲಿ ಪ್ರಖ್ಯಾತ ಗಿಟಾರ್ ವಾದಕರೊಬ್ಬರು ವಲಸೆ ಬಂದವರನ್ನು ಕುರಿತು ವೇದಿಕೆಯ ಮೇಲೆ ಆಡಿದ ಹೀನ ಮಾತಿನಿಂದ ನೊಂದವರು ಕಟ್ಟಿದ ವರ್ಣದ್ವೇಷವಿರೋಧಿ ಸಂಗೀತ ಚಳವಳಿಯು 1978ರ ಏಪ್ರಿಲ್ 30ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಉದ್ಯಾನದವರೆಗೆ ಮಹಾ ಮೆರವಣಿಗೆಯನ್ನು ನಡೆಸಿದಾಗ, ಅಲ್ಲಿ ನೆರೆದ ಸಾವಿರಾರು ಮಂದಿಯ ಮುಂದೆ ಕ್ಲ್ಯಾಶ್ ತಂಡವೂ ಹಾಡಿತು. 1980ರಲ್ಲಿ ಮೂರು ತಟ್ಟೆಗಳ ಧ್ವನಿಮುದ್ರಿಕೆಯೊಂದನ್ನು ಅಗ್ಗದ ಬೆಲೆಗೆ ಮಾರಿಸುವ ಸಲುವಾಗಿ ತಮ್ಮ ರಾಯಲ್ಟಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟವರೂ ಇವರೇ.

ಈ ಪಂಥದ ವಾಷಿಂಗ್ಟನ್ನಿನ ಕವಲು ಇನ್ನೂ ವಿಚಿತ್ರವಾದುದು. ಅಲ್ಲಿಯ ಇಯಾನ್ ಮೆಕಾಯ್ ಎಂಬ ಗಾಯಕ 1980ರ ಹೊತ್ತಿಗೆ ಮದ್ಯ, ಧೂಮಪಾನ, ಮಾದಕವಸ್ತುಗಳನ್ನು ತ್ಯಜಿಸುವುದೇ ನಿಜವಾದ ಬಂಡಾಯವೆಂದು ಹಾಡಿದ. ತರುವಾಯ ಫುಗಾಝಿ ಎಂಬ ತಂಡವನ್ನು ಕಟ್ಟಿ, ಕಛೇರಿಯ ಟಿಕೇಟು 5 ಡಾಲರಿನ ಆಸುಪಾಸಿಗಿಂತ ಮೇಲೇರಕೂಡದೆಂದೂ ಎಳೆಯ ವಯಸ್ಸಿನವರನ್ನು ಬಾಗಿಲಲ್ಲಿ ತಡೆಯಕೂಡದೆಂದೂ ಹಟ ಹಿಡಿದ. ಅದೇ ಊರಿನ ಬ್ಯಾಡ್ ಬ್ರೇನ್ಸ್ ತಂಡದ ನಾಲ್ವರು ಕಪ್ಪು ತರುಣರು, ಬಿಳಿಯರದೆಂದು ಎಣಿಸಲ್ಪಟ್ಟಿದ್ದ ಈ ಸಂಗೀತವನ್ನು ಬಿಳಿಯರೇ ಬೆರಗಾಗುವಷ್ಟು ವೇಗದಲ್ಲಿ ನುಡಿಸಿದರು. ಕುಡಿಯದ ಪೋಕರಿ, ಕಡಿಮೆ ಬೆಲೆಗೆ ಹಟ ಹಿಡಿಯುವ ಪೋಕರಿ: ನಮ್ಮ ಹಳ್ಳಿಯ ಹಿರಿಯರಿಗೆ ಇಂಥವರ ಪರಿಚಯ ಮೊದಲೇ ಆಗಿದ್ದರೆ ತಮ್ಮ ಮಕ್ಕಳ ಗಿಟಾರನ್ನು ಅಟ್ಟಕ್ಕೆ ಎಸೆಯುವ ಮುನ್ನ ಒಂದು ಗಳಿಗೆ ಯೋಚಿಸುತ್ತಿದ್ದರೇನೋ.

ಈ ಜನರ ಚಿತ್ರಕ್ಕೆ ಈ ಮುದ್ರಣವೇ ಏಕೆ ಒದಗಿ ಬಂದಿತು? ಉತ್ತರ ಬಡತನದಲ್ಲಿದೆ. ಯಂತ್ರ ಬೇಡ, ಅಚ್ಚಿನ ಮೊಳೆ ಬೇಡ, ಅಡುಗೆಮನೆಯ ಮೇಜು ಸಾಕು. 1907ರಲ್ಲಿ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಎಂಬಾತ ಈ ವಿಧಾನಕ್ಕೆ ಪೇಟೆಂಟ್ ಪಡೆದ. ಜಾಲರಿಗೆ ಆಗ ಬಳಸುತ್ತಿದ್ದುದು ರೇಷ್ಮೆಯ ಬಟ್ಟೆ. ಹಿಪ್ಪುನೇರಳೆಯ ಸೊಪ್ಪು ಕೊಯ್ದು ಹುಳು ಸಾಕಿ, ಗೂಡು ಹೊತ್ತುಕೊಂಡು ರಾಮನಗರದ ಮಾರುಕಟ್ಟೆಗೆ ಓಡುವ ನಮ್ಮ ಸೀಮೆಯವರಿಗೆ ಇದು ಕೇಳಲು ಹಿತವಾದ ಸಂಗತಿ. ಈಗಿನ ಜಾಲರಿ ನೈಲಾನ್ ಅಥವಾ ಪಾಲಿಯೆಸ್ಟರಿನದು ಎಂಬುದು ಅಷ್ಟು ಹಿತವಲ್ಲ. 1962ರಲ್ಲಿ ಆಂಡಿ ವಾರ್ಹಾಲ್ ಇದರಿಂದ ಮರ್ಲಿನ್ ಮನ್ರೋಳ ಮುಖವನ್ನು ಸಾಲುಸಾಲಾಗಿ ಒತ್ತಿ ಶ್ರೀಮಂತರ ಚಿತ್ರಶಾಲೆಗೆ ಒಯ್ದ. 1968ರ ಮೇ ತಿಂಗಳಿನಲ್ಲಿ ಪ್ಯಾರಿಸಿನ ವಿದ್ಯಾರ್ಥಿಗಳು ಕಲಾಶಾಲೆಯನ್ನು ವಶಪಡಿಸಿಕೊಂಡು ಇದರಿಂದಲೇ ರಾತ್ರೋರಾತ್ರಿ ಭಿತ್ತಿಪತ್ರಗಳನ್ನು ಒತ್ತಿ ಬೀದಿಗೆ ಅಂಟಿಸಿದರು. ಪಂಕ್ ತಂಡಗಳ ಅಂಗಿ, ಭಿತ್ತಿಪತ್ರಗಳೂ ಇದೇ ದಾರಿ ಹಿಡಿದವು. ಶೆಪರ್ಡ್ ಫೇರಿ ಅಂಥ ಅಂಗಿಗಳನ್ನು ತೊಟ್ಟು ಬೆಳೆದವನು. 1989ರಲ್ಲಿ, ಕಲಾಶಾಲೆಯೊಂದರ ವಿದ್ಯಾರ್ಥಿಯಾಗಿದ್ದಾಗ, ಆಂಡ್ರೆ ಎಂಬ ಮಹಾಕಾಯ ಕುಸ್ತಿಪಟುವಿನ ಮುಖದ ಅಂಟುಚೀಟಿಯಿಂದ ಹೆಸರಾಗಿ, ತಾನು ಕೇಳಿ ಬೆಳೆದ ಗಾಯಕರ ಮುಖಗಳನ್ನು ಆಮೇಲೆ ಒಂದೊಂದಾಗಿ ಜಾಲರಿಗೆ ತಂದ. ಅವುಗಳಲ್ಲಿ ಹಲವಕ್ಕೆ ಆಧಾರ ಗ್ಲೆನ್ ಫ್ರೀಡ್‌ಮನ್ ತೆಗೆದ ಛಾಯಾಚಿತ್ರಗಳು.

ಕೆಲಸದ ಕ್ರಮವನ್ನು ನಾನು ನೋಡಿದ್ದು ಮಾತ್ರ ನಮ್ಮ ಕಡೆಯ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಚೌಕಟ್ಟಿಗೆ ಬಟ್ಟೆಯನ್ನು ತಮಟೆಯ ಚರ್ಮದಂತೆ ಬಿಗಿದು, ಮಬ್ಬುಗತ್ತಲೆಯಲ್ಲಿ ಅದಕ್ಕೆ ಎಮಲ್ಷನ್ ಬಳಿದು, ಫ್ಯಾನಿನ ಗಾಳಿಗೆ ಒಣಗಿಸುತ್ತಾರೆ. ಚಿತ್ರವನ್ನು ಕಡುಗಪ್ಪಾಗಿ ತೆಗೆದ ಫಿಲ್ಮನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರೆ, ಬೆಳಕು ತಾಗಿದ ಭಾಗ ಗಟ್ಟಿಯಾಗುತ್ತದೆ. ಕಪ್ಪು ಮರೆಮಾಡಿದ ಭಾಗ ಮೆತ್ತಗೆ ಉಳಿದು, ನೀರು ಚಿಮ್ಮಿಸಿದೊಡನೆ ಕರಗಿ ಹೋಗಿ ಜಾಲರಿಯ ಕಣ್ಣು ತೆರೆದುಕೊಳ್ಳುತ್ತದೆ. ಬಳಿಕ ಮಸಿ ಸುರಿದು ಸ್ಕ್ವೀಜಿ ಎಂಬ ರಬ್ಬರಿನ ಪಟ್ಟಿಯನ್ನು ಒಂದೇ ಸಮನಾದ ಒತ್ತಡದಲ್ಲಿ ಎಳೆದರೆ, ತೆರೆದ ಕಣ್ಣುಗಳಿಂದ ಮಾತ್ರ ಮಸಿ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಚೌಕಟ್ಟು. ಒಂದು ಒಣಗಿದ ಮೇಲೆ ಇನ್ನೊಂದು. ಎಲ್ಲವೂ ಸುಲಭವಾಗಿ ಕಾಣುತ್ತದೆ, ತಪ್ಪುವವರೆಗೆ. ನನ್ನ ತಂಗಿಯ ಮದುವೆಗೆ ಒಂದು ಅಂಗಡಿಯವರು ಫಿಲ್ಮನ್ನು ಮಗುಚಿಟ್ಟು ಒತ್ತಿದ್ದರಿಂದ ಐನೂರು ಚೀಲಗಳಲ್ಲಿ ವಧೂವರರ ಹೆಸರು ಕನ್ನಡಿಯಲ್ಲಿ ಮಾತ್ರ ಓದುವಂತೆ ಬಂದಿತ್ತು. ಬೀಗರ ಕಡೆಯ ಹಿರಿಯರೊಬ್ಬರು ಅದನ್ನು ಉರ್ದು ಎಂದು ತಿಳಿದು ಯಾರ ಮದುವೆಯ ಚೀಲವೆಂದು ವಿಚಾರಿಸಿದರು.

ಈ ವಿಧಾನದಲ್ಲಿ ಬೂದಿನ ಸೂಕ್ಷ್ಮ ಛಾಯೆಗಳಿಗೆ ಎಡೆ ಕಡಿಮೆ. ಜಾಲರಿಯ ಕಣ್ಣು ತೆರೆದಿರಬೇಕು, ಇಲ್ಲವೇ ಮುಚ್ಚಿರಬೇಕು. ಆದುದರಿಂದ ಮುಖವು ಕೆನ್ನೆಯ ಮೃದುತ್ವವನ್ನೂ ಕಣ್ಣಿನ ಸಂಶಯವನ್ನೂ ಕಳೆದುಕೊಂಡು, ಲಾಂಛನದಂತೆ ಘನವಾಗಿ ನಿಲ್ಲುತ್ತದೆ. ಇದರಲ್ಲಿ ಲಾಭವಿರುವಂತೆ ನಷ್ಟವೂ ಉಂಟೆಂದು ನನ್ನ ಅಭಿಪ್ರಾಯ. ಸ್ಟ್ರಮ್ಮರ್ ತನ್ನ ಮೇಲೆಯೇ ಅನುಮಾನಪಟ್ಟವನು, ತಂಡವನ್ನು ಒಡೆದು ಆಮೇಲೆ ಪರಿತಪಿಸಿದವನು; ಹಾಳೆಯ ಮೇಲಿನವನಿಗೆ ಅನುಮಾನವೆಂಬುದೇ ತಿಳಿಯದು. ಫೇರಿಯ ವಿಷಯದಲ್ಲಿ ಇನ್ನೊಂದು ಮಾತನ್ನೂ ಮರೆಮಾಚಬಾರದು: 2008ರಲ್ಲಿ ಅವನು ಬರಾಕ್ ಒಬಾಮರ ಮುಖವನ್ನು ಕೆಂಪು ನೀಲಿಗಳಲ್ಲಿ ಒತ್ತಿ ಲೋಕಪ್ರಸಿದ್ಧನಾದಾಗ, ಆಧಾರವಾಗಿ ಬಳಸಿದ ಛಾಯಾಚಿತ್ರ ತಮ್ಮದೆಂದು ಸುದ್ದಿಸಂಸ್ಥೆಯೊಂದು ಹಕ್ಕು ಸಾಧಿಸಿತು. ಆ ವ್ಯಾಜ್ಯ 2011ರಲ್ಲಿ ರಾಜಿಯಾಯಿತಾದರೂ, ಸಾಕ್ಷ್ಯವನ್ನು ತಿದ್ದಿ ನಾಶಮಾಡಿದ ತಪ್ಪಿಗಾಗಿ 2012ರಲ್ಲಿ ನ್ಯಾಯಾಲಯ ಅವನಿಗೆ 25,000 ಡಾಲರ್ ದಂಡವನ್ನೂ ಎರಡು ವರ್ಷಗಳ ನಿಗಾವಣೆಯನ್ನೂ ವಿಧಿಸಿತು.

ಆ ಹಾಳೆಯನ್ನು ನಮ್ಮ ಜಗುಲಿಯ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟವಿಟ್ಟು ನೋಡುತ್ತಿದ್ದಾಗ, ದೂರದ ಅಂಗಡಿಯಿಂದ ಜನಪದ ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ಹಳೆಯ ಧ್ವನಿಮುದ್ರಣವೊಂದು ಕೇಳಿಬರುತ್ತಿತ್ತು. ಈ ಊರಿನಲ್ಲಿ ಕುಳಿತು ಹಾಡುಗಾರರ ಬಂಡಾಯವನ್ನು ಕುರಿತು ಮಾತನಾಡುವವನು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರನ್ನು ನೆನೆಯದೆ ಮುಂದೆ ಹೋಗುವುದು ಸಾಧ್ಯವಿಲ್ಲ. ತಂಬೂರಿ ಮೀಟುತ್ತ, ಗಗ್ಗರ, ಡಕ್ಕೆ, ಕಂಚಿನ ತಾಳಗಳೊಡನೆ ರಾತ್ರಿಯಿಡೀ ಅವರು ಹಾಡುವ ಕಥೆಯಲ್ಲಿ, ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿಗಳು ಶರಣರ ಕಲ್ಯಾಣಕ್ಕೆ ಬರುವುದು ಹೊಲಸು ಹೊತ್ತ, ಕಂಡವರು ಮೂಗು ಮುಚ್ಚುವಂಥ ವೇಷದಲ್ಲಿ. ಮರ್ಯಾದಸ್ಥರ ಸಮತೆ ಎಷ್ಟು ಗಟ್ಟಿಯೆಂದು ಅರಿಯುವ ಪರೀಕ್ಷೆ ಅದು. ಪಿನ್ನು ಚುಚ್ಚಿದ ಹರಕಲು ಅಂಗಿಯೂ ಬೇರೇನನ್ನು ಮಾಡಿತು? ಮಂಟೇಸ್ವಾಮಿಗಳ ಶಿಷ್ಯ ಸಿದ್ದಪ್ಪಾಜಿ ಮದ್ದೂರು ಸೀಮೆಯ ನಿಡಘಟ್ಟದ ಪಾಂಚಾಳರ ಹುಡುಗ. ಅವನನ್ನು ಕಬ್ಬಿಣದ ಭಿಕ್ಷೆಗೆಂದು ಕಳುಹಿಸುವುದು ಬೇರೆಲ್ಲಿಗೂ ಅಲ್ಲ, ಇದೇ ಹಲಗೂರಿನ ಪಾಂಚಾಳರ ಬಳಿಗೆ, ತನ್ನದೇ ಕುಲದವರ ಬಳಿಗೆ. ಅವರು ಕೊಡಲೊಲ್ಲದೆ ಹಂಗಿಸಿ, ಒಂದರ ಮೇಲೊಂದು ಸಂಕಟಕ್ಕೆ ಗುರಿಮಾಡಿ, ಕಡೆಗೆ ಸೋಲುತ್ತಾರೆ. ಕಥೆಯಲ್ಲಿ ನಮ್ಮ ಊರಿನದು ಜಿಪುಣರ ಪಾತ್ರವೆಂಬುದನ್ನು ನಾವು ಹಲಗೂರಿನವರು ನಗುತ್ತಲೇ ಒಪ್ಪಿಕೊಂಡು ಬಂದಿದ್ದೇವೆ.

ಈ ಕಥೆಗೆ ಮೂಲಪ್ರತಿಯೆಂಬುದಿಲ್ಲ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಗದ್ದುಗೆಯ ಮುಂದೆ ಹಾಡಿದ್ದಾಗಲಿ, ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಹಾಡಿದ್ದಾಗಲಿ ಯಾವುದರದೂ ನಕಲಲ್ಲ. ಪ್ರತಿಯೊಂದು ರಾತ್ರಿಯ ಹಾಡೂ ಆ ರಾತ್ರಿಯ ಮಟ್ಟಿಗೆ ಮೂಲವೇ. ಜಾಲರಿಯ ಅಚ್ಚೂ ಹಾಗೆಯೇ. 1ನೆಯ ಹಾಳೆ ಅಸಲು, 212ನೆಯದು ನಕಲು ಎಂಬ ಭೇದ ಅಲ್ಲಿಲ್ಲ. ಎಳೆದ ಕೈಯ ಭಾರ ಒಂದರಲ್ಲಿ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ, ಅಷ್ಟೆ. ಬಹುಜನಕ್ಕೆ ಹಂಚಲೆಂದೇ ಹುಟ್ಟಿದ ಇಂಥ ವಿದ್ಯೆಯನ್ನು 450ಕ್ಕೆ ನಿಲ್ಲಿಸಿ, ಆಮೇಲೆ ಜಾಲರಿಯನ್ನು ತೊಳೆದುಬಿಟ್ಟು, ಬೆಲೆಯೇರಲು ಬಿಡುವುದು ಸ್ಟ್ರಮ್ಮರನಂಥವನಿಗೆ ಸಲ್ಲುವ ಗೌರವವೇ ಎಂದು ನಾನು ಕೇಳಿದರೆ, ತಂಗಿಯ ಮಗ, ಅಂಥ ಮುದ್ರಣಗಳ ಹಣ ಎಷ್ಟೋ ವೇಳೆ ದಾನಕ್ಕೂ ಹೋಗುತ್ತದೆಂದ. ಇರಬಹುದು. ಆದರೂ ಅವನು ಆ ಹಾಳೆಗೆ ಬೆರಳಿನ ಬೆವರು ತಾಗೀತೆಂದು ನನ್ನ ಕೈಯನ್ನು ಎರಡು ಸಲ ಸರಿಸಿದ್ದನ್ನು ನಾನು ಗಮನಿಸದೆ ಇರಲಿಲ್ಲ.

ಮಾರನೆಯ ದಿನ ನಾವಿಬ್ಬರೂ ಆ ಹಾಳೆಯನ್ನು, ನಾನು ಜಾಲರಿಯ ಕೆಲಸ ನೋಡಿದ್ದ ಅಂಗಡಿಗೆ ಒಯ್ದೆವು. ಮೂವತ್ತು ವರ್ಷ ಜಾಲರಿ ಎಳೆದ ಮುದ್ರಕರು ಕೈಯ ಮಸಿಯನ್ನು ಸೀಮೆಎಣ್ಣೆಯ ಬಟ್ಟೆಗೆ ಒರೆಸಿಕೊಂಡು, ಹಾಳೆಯನ್ನು ಅಂಚಿನಲ್ಲಿ ಮಾತ್ರ ಹಿಡಿದು, ಬಾಗಿಲ ಬೆಳಕಿಗೆ ಓರೆಯಾಗಿ ತಿರುಗಿಸಿದರು. ಯಾರ ಚಿತ್ರವೆಂದು ಕೇಳಲಿಲ್ಲ.

"ಮೂರು ಸ್ಕ್ರೀನು. ಕೆಂಪು ಮೊದ್ಲು ಹೊಡ್ದವ್ರೆ, ಕರೀದು ಕೊನೇಗೆ," ಎಂದರು. ಆಮೇಲೆ ಕಿವಿಯ ಬಳಿ ಉಗುರು ತೋರಿಸಿ, "ಇಲ್ನೋಡಿ ಸಾ, ಒಂದೆಳೆ ಜಾರ್ಯದೆ," ಎಂದರು. ನೋಡಿದರೆ ನಿಜ, ಕಪ್ಪಿನ ಅಂಚಿನಿಂದ ಕೆಂಪು ದಾರದೆಳೆಯಷ್ಟು ಹೊರಕ್ಕೆ ಇಣುಕಿತ್ತು. ಒಂದು ವರ್ಷದಿಂದ ಅದನ್ನು ಗೋಡೆಯ ಮೇಲಿಟ್ಟುಕೊಂಡಿದ್ದವನ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಎಷ್ಟು ಹೊಡ್ದವ್ರೆ?"

"ನಾನೂರೈವತ್ತು."

"ಅಷ್ಟೇಯಾ? ಒಂದ್ ಮದ್ವೆಗೇ ನಾವು ಸಾವ್ರ ಚೀಲ ಹೊಡೀತೀವಲ್ಲ," ಎಂದು ಹಾಳೆಯನ್ನು ಹಿಂದಕ್ಕೆ ಕೊಟ್ಟು, ಅರ್ಧಕ್ಕೆ ಬಿಟ್ಟಿದ್ದ ಚೀಲದ ಮೇಲೆ ಮತ್ತೆ ಚೌಕಟ್ಟನ್ನು ಇಳಿಸಿದರು. ಮುಹೂರ್ತ ಭಾನುವಾರಕ್ಕಿತ್ತು.