ಸತ್ತ ಅಂಗಾಂಶದ ಪಂಚನಾಮೆ

ಗಂಗಾವತಿ ಸುತ್ತಿನ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದರೆ ಭತ್ತ, ಭತ್ತ ಬಂದರೆ ಇಲಿ, ಇಲಿ ಬಂದರೆ ಹಾವು. ನಾಟಿಗೂ ಕೊಯ್ಲಿಗೂ ಬರಿಗಾಲಲ್ಲಿ ಇಳಿಯುವವರಿಗೆ ಈ ಲೆಕ್ಕ ಬಾಯಿಪಾಠ. ನಾಗರಹಾವು ಕಡಿದರೆ ಉಸಿರು ನಿಲ್ಲುತ್ತದೆಂಬ ಭಯ ಸರಿಯಾದದ್ದೇ. ಆದರೆ ಸಕಾಲಕ್ಕೆ ಇಂಜೆಕ್ಷನ್ ಸಿಕ್ಕಿ ಜೀವ ಉಳಿದ ಮೇಲೂ ಕಡಿದ ಜಾಗದ ಚರ್ಮ ಕೆಲವೇ ದಿನಗಳಲ್ಲಿ ಕಪ್ಪಾಗಿ, ಗುಳ್ಳೆಯೆದ್ದು, ಕಳಚಿ ಬೀಳುವುದುಂಟು. ವಿಷದಲ್ಲಿರುವ ಕೆಲವು ಪ್ರೋಟೀನುಗಳು ನರಗಳ ಗೊಡವೆಗೆ ಹೋಗದೆ ಜೀವಕೋಶದ ಪೊರೆಯನ್ನೇ ಹರಿಯುತ್ತವೆ. ಪೊರೆ ಹರಿದ ಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುತ್ತದೆ, ನೀರು ತುಂಬುತ್ತದೆ, ಕೋಶ ಊದಿ ಒಡೆಯುತ್ತದೆ. ಒಳಗಿದ್ದದ್ದೆಲ್ಲ ಹೊರಚೆಲ್ಲಿ ಸುತ್ತಲೂ ಉರಿಯೂತ ಹತ್ತಿಕೊಳ್ಳುತ್ತದೆ. ಮನುಷ್ಯ ಬದುಕಿರುವಾಗಲೇ ಅವನ ಅಂಗಾಂಶದ ಒಂದು ಭಾಗ ಹೀಗೆ ಸಾಯುವುದಕ್ಕೆ ನೆಕ್ರೋಸಿಸ್ ಎಂದು ಹೆಸರು.

ಸತ್ತದ್ದು ಹೇಗೆ ಎಂಬುದನ್ನು ಸತ್ತ ಅಂಗಾಂಶವೇ ಹೇಳುತ್ತದೆ. ಅದನ್ನು ಓದುವುದು ಪೆಥಾಲಜಿಸ್ಟರ ಕೆಲಸ. ಕೊಪ್ಪಳದಲ್ಲಿ 2015ರಲ್ಲಿ ಶುರುವಾದ ಸರಕಾರಿ ವೈದ್ಯಕೀಯ ಕಾಲೇಜು ಸೇರಿ ಎಲ್ಲ ಕಡೆಯೂ ವಿದ್ಯಾರ್ಥಿಗಳು ಈ ಓದನ್ನು ಒಂದೇ ರೀತಿ ಕಲಿಯುತ್ತಾರೆ. ತುಣುಕನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾಗಿ ಹೆರೆದು ಗಾಜಿನ ಮೇಲೆ ಹರಡುತ್ತಾರೆ. ಹಿಮಟಾಕ್ಸಿಲಿನ್ ಬಣ್ಣ ಕೋಶಕೇಂದ್ರವನ್ನು ನೀಲಿ ಮಾಡುತ್ತದೆ, ಇಯೊಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಸತ್ತ ಕೋಶದಲ್ಲಿ ಆ ನೀಲಿ ಕುಗ್ಗಿ ಕಡುಚುಕ್ಕೆಯಾಗಬಹುದು, ಚೂರಾಗಬಹುದು, ಮಾಸಿ ಹೋಗಬಹುದು. ಕೊನೆಗೆ ಗುಲಾಬಿಯೊಂದೇ ಉಳಿಯುತ್ತದೆ.

ಇದಕ್ಕೆಲ್ಲ ಸಮಯ ಬೇಕು. ಹೃದಯಾಘಾತವಾಗಿ ಒಂದು ಗಂಟೆಯೊಳಗೆ ತೀರಿಕೊಂಡವರ ಹೃದಯವನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ನಾಯು ಸತ್ತ ಕುರುಹೇ ಸಿಗುವುದಿಲ್ಲ. ಅದು ಕಾಣಲು ನಾಲ್ಕು ಗಂಟೆಯಾದರೂ ಬೇಕು.

ನಾಗರಹಾವಿನದು ಹಾಗಾದರೆ ಕೊಳಕುಮಂಡಲ ಹಾವಿನ ಕಥೆಯೇ ಬೇರೆ. ಅದರ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಆಸ್ಪತ್ರೆಯಲ್ಲಿ ಶುಭ್ರವಾದ ಒಣ ಗಾಜಿನ ಕೊಳವೆಗೆ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು ಬಗ್ಗಿಸುತ್ತಾರೆ. ಆಗಲೂ ರಕ್ತ ನೀರಿನಂತೆ ಹರಿದರೆ ವಿಷ ಏರಿದೆಯೆಂದೇ ಅರ್ಥ. ಯಂತ್ರ ಬೇಡ, ವಿದ್ಯುತ್ ಬೇಡ. ಕುಷ್ಟಗಿ, ಯಲಬುರ್ಗಾದಂಥ ತಾಲ್ಲೂಕುಗಳಿಗೆ ಇದಕ್ಕಿಂತ ಒಗ್ಗುವ ಪರೀಕ್ಷೆ ಇನ್ನೊಂದಿಲ್ಲ.

ಈ ಹಾವಿನ ಏಟು ಮೂತ್ರಪಿಂಡಕ್ಕೂ ಬೀಳುತ್ತದೆ. ಕೆಲವರಲ್ಲಿ ಸಣ್ಣ ನಾಳಗಳ ಒಳಪದರದ ಕೋಶಗಳಷ್ಟೇ ಸತ್ತು ಉದುರುತ್ತವೆ. ಅಡಿಪೊರೆ ನೆಟ್ಟಗಿದ್ದರೆ ಹೊಸ ಕೋಶ ಹುಟ್ಟಿಕೊಳ್ಳುತ್ತದೆ, ಕೆಲವು ವಾರ ಡಯಾಲಿಸಿಸ್ ಮಾಡಿಸಿಕೊಂಡವರು ಚೇತರಿಸಿಕೊಳ್ಳುತ್ತಾರೆ. ಇನ್ನು ಕೆಲವರಲ್ಲಿ ಹೊರಪದರಕ್ಕೆ ರಕ್ತವೇ ಹೋಗದೆ ಅದು ಪೂರ್ತಿ ಸಾಯುತ್ತದೆ. ಸ್ಲೈಡಿನಲ್ಲಿ ನಾಳ, ಗುಚ್ಛ ಎಲ್ಲವೂ ಇದ್ದಲ್ಲೇ ಇರುತ್ತವೆ, ಆಕಾರ ಕೆಟ್ಟಿರುವುದಿಲ್ಲ, ಕೋಶಕೇಂದ್ರ ಮಾತ್ರ ಒಂದೂ ಇರುವುದಿಲ್ಲ. ಕೋಶವನ್ನು ಕರಗಿಸಬೇಕಾದ ಕಿಣ್ವಗಳೇ ಕೆಟ್ಟುಹೋಗುವುದರಿಂದ ರಚನೆ ಕೆಲವು ದಿನ ಹಾಗೆಯೇ ನಿಲ್ಲುತ್ತದೆ. ಇದು ಕೊಆಗ್ಯುಲೇಟಿವ್ ನೆಕ್ರೋಸಿಸ್. ರಕ್ತ ನಿಂತುಹೋದ ಹೃದಯ, ಗುಲ್ಮ, ಮೂತ್ರಪಿಂಡಗಳಲ್ಲಿ ಕಾಣುವ ಸಾವು ಇದೇ. ಒಂದೇ ಹಾವು, ಒಂದೇ ಅಂಗ. ಒಬ್ಬರು ಮನೆಗೆ ಮರಳುತ್ತಾರೆ, ಮತ್ತೊಬ್ಬರಿಗೆ ಡಯಾಲಿಸಿಸ್ ಕಾಯಂ ಆಗಬಹುದು.

ಮಿದುಳಿನ ಮಾತು ಇದಕ್ಕೆ ತದ್ವಿರುದ್ಧ. ಪಾರ್ಶ್ವವಾಯುವಿನಲ್ಲಿ ರಕ್ತ ನಿಂತ ಭಾಗ ಮೆದುವಾಗಿ ಕರಗಿ, ಕೊನೆಗೆ ನೀರು ತುಂಬಿದ ಪೊಳ್ಳಾಗುತ್ತದೆ. ಕೀವು ತುಂಬಿದ ಕುರುವಿನಲ್ಲೂ ಅಂಗಾಂಶ ಕರಗುತ್ತದೆ, ಅಲ್ಲಿ ಕರಗಿಸುವುದು ಬಿಳಿರಕ್ತಕಣಗಳ ಕಿಣ್ವ. ಮೇದೋಜೀರಕ ಗ್ರಂಥಿ ಊದಿಕೊಂಡಾಗ ಸೋರುವ ಕಿಣ್ವ ಹೊಟ್ಟೆಯ ಕೊಬ್ಬನ್ನೇ ಜೀರ್ಣಿಸುತ್ತದೆ. ಒಡೆದ ಕೊಬ್ಬು ಕ್ಯಾಲ್ಸಿಯಂ ಜತೆ ಕೂಡಿ ಸುಣ್ಣದ ಬಿಳಿ ಚುಕ್ಕೆಗಳಾಗುತ್ತದೆ. ರಾಸಾಯನಿಕವಾಗಿ ಅದು ಸಾಬೂನು! ಫೈಬ್ರಿನಾಯ್ಡ್ ಎಂಬ ಇನ್ನೊಂದು ಬಗೆ ಬರಿಗಣ್ಣಿಗೆ ಕಾಣುವುದೇ ಇಲ್ಲ, ವಿಪರೀತ ರಕ್ತದೊತ್ತಡವಿರುವವರ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಕೆಂಗುಲಾಬಿ ಪಟ್ಟಿಯಾಗಿ ಕೂತಿರುತ್ತದೆ.

ಹಳಬರು ಗಂಡಮಾಲೆ ಎನ್ನುತ್ತಿದ್ದ ಕುತ್ತಿಗೆಯ ಗಂಟುಗಳಲ್ಲಿ ಹಲವು ಕ್ಷಯದವು. ಅಂಥ ಗಂಟು ಕುಯ್ದರೆ ಪುಡಿಯಾದ ಪನೀರಿನಂಥ ಬಿಳಿಹಳದಿ ವಸ್ತು ಕಾಣುತ್ತದೆ. ಸ್ಲೈಡಿನಲ್ಲಿ ಅದಕ್ಕೆ ಆಕಾರವೇ ಇಲ್ಲ, ಬರೀ ಗುಲಾಬಿ ಹರಳು. ಸುತ್ತಲೂ ರಕ್ಷಣಾ ಕೋಶಗಳ ಬೇಲಿ, ನಡುನಡುವೆ ಲಾಳಾಕಾರದಲ್ಲಿ ಕೇಂದ್ರಗಳನ್ನು ಜೋಡಿಸಿಕೊಂಡ ದೈತ್ಯಕೋಶಗಳು. ಇಷ್ಟು ಕಂಡರೆ ಕ್ಷಯದ ಅನುಮಾನ ಬಲವಾಗುತ್ತದೆ, ಆದರೂ ಅಲ್ಲಿಗೇ ತೀರ್ಪು ಕೊಡುವಂತಿಲ್ಲ; ಕೆಲವು ಶಿಲೀಂಧ್ರಗಳೂ ಇದೇ ವೇಷ ತೊಡುತ್ತವೆ. ರಾಬರ್ಟ್ ಕಾಖ್ 1882ರಲ್ಲಿ ಜಗತ್ತಿಗೆ ತೋರಿಸಿದ ರೋಗಾಣುವನ್ನು ಜೀಲ್–ನೀಲ್ಸನ್ ಬಣ್ಣದಲ್ಲಿ ಕೆಂಪು ಕಡ್ಡಿಯಾಗಿ ಹುಡುಕಬೇಕು, ಇಲ್ಲವೇ ಅದರ ಡಿಎನ್‌ಎ ಪತ್ತೆ ಮಾಡಬೇಕು.

ಮತ್ತೆ ಹಾವಿನ ವಿಷಯ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಡಿದ ಜಾಗದ ಮೇಲೆ ಹಗ್ಗ ಬಿಗಿಯುವ ರೂಢಿ ಮಾತ್ರ ಹೋಗಿಲ್ಲ. ಹಗ್ಗ ರಕ್ತವನ್ನೂ ತಡೆಯುತ್ತದೆ, ವಿಷವನ್ನು ಒಂದೇ ಕಡೆ ಕೂಡಿಹಾಕುತ್ತದೆ, ಉಳಿಯಬಹುದಾಗಿದ್ದ ಬೆರಳೂ ಗ್ಯಾಂಗ್ರೀನ್ ಆಗುತ್ತದೆ. ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಕಟ್ಟಿ, ಕಾಲು ಅಲುಗದ ಹಾಗೆ ಆಸ್ಪತ್ರೆಗೆ ಒಯ್ಯುವುದೇ ಸರಿ.

ಸಕ್ಕರೆ ಕಾಯಿಲೆಯವರ ಕಾಲಿನಲ್ಲೂ ಗ್ಯಾಂಗ್ರೀನ್ ಬರುತ್ತದೆ. ರಕ್ತ ಕಡಿಮೆಯಾಗಿ ಸುಕ್ಕುಗಟ್ಟಿ ಕಪ್ಪಾದದ್ದು ಒಣ ಬಗೆ, ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವೆ ಗೆರೆ ಎಳೆದಂತಿರುತ್ತದೆ. ಸೋಂಕು ಸೇರಿ ಊದಿ ನಾರುವ ಹಸಿ ಬಗೆಯಲ್ಲಿ ಆ ಗೆರೆ ಸ್ಪಷ್ಟವಿರುವುದಿಲ್ಲ, ಎಲ್ಲಿ ಕತ್ತರಿಸಬೇಕೆಂಬುದೇ ತಲೆನೋವು. ಅದಕ್ಕೇ ತೆಗೆದ ಕಾಲು ಪೆಥಾಲಜಿ ವಿಭಾಗಕ್ಕೆ ಬಂದಾಗ ಕತ್ತರಿಸಿದ ಅಂಚಿನಿಂದಲೂ ಒಂದು ತುಣುಕು ತೆಗೆದು ನೋಡುತ್ತಾರೆ: ಅಲ್ಲಿನ ಸ್ನಾಯುವಿನಲ್ಲಿ ನೀಲಿ ಚುಕ್ಕೆಗಳಿವೆಯೇ, ರಕ್ತನಾಳ ತೆರೆದಿದೆಯೇ ಎಂದು.