ಪಾಕದ ಸುರುಳಿ

ಆಂಧ್ರದ ಮಂಗಳಗಿರಿಯ ಬೆಟ್ಟದ ಮೇಲಣ ಪಾನಕಾಲ ನರಸಿಂಹಸ್ವಾಮಿಯ ಗುಡಿಯಲ್ಲಿ ಅರ್ಚಕರು ಬೆಲ್ಲದ ಪಾನಕವನ್ನು ಶಂಖದಲ್ಲಿ ತುಂಬಿ ದೇವರ ತೆರೆದ ಬಾಯೊಳಗೆ ಎರೆಯುತ್ತಾರೆ. ಗುಟುಕರಿಸುವಂಥ ಸದ್ದೊಂದು ಕೇಳಿಬಂದು ನಿಂತೊಡನೆ, ಸ್ವಾಮಿಯು ಅರ್ಧವನ್ನು ತಾನು ಸ್ವೀಕರಿಸಿ ಉಳಿದರ್ಧವನ್ನು ಭಕ್ತನಿಗೆ ಪ್ರಸಾದವಾಗಿ ಬಿಟ್ಟನೆಂಬುದು ತಲೆತಲಾಂತರದ ನಂಬುಗೆ. ಈ ಪಾನಕವೇನೋ ನೀರಿನಷ್ಟೇ ತೆಳು. ಆದರೆ ವಿಶಾಖಪಟ್ಟಣದ ಸಮೀಪದ ಅನಕಾಪಲ್ಲಿಯಲ್ಲಾಗಲಿ, ನಮ್ಮ ಮಂಡ್ಯದ ಆಲೆಮನೆಯಲ್ಲಾಗಲಿ, ಬೆಲ್ಲವಾಗುವುದಕ್ಕೆ ಮುನ್ನ ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ನಡೆಯೇ ಬೇರೆ. ಎತ್ತಿ ಬಿಟ್ಟರೆ ಅದು ಚಿಮ್ಮದು. ದಾರವಾಗಿ ಇಳಿದು, ತಳ ತಗುಲಿದೊಡನೆ ಹಗ್ಗ ಸುತ್ತಿದಂತೆ ಸುರುಳಿಗೊಂಡು, ಪದರದ ಮೇಲೆ ಪದರವಾಗಿ ಕುಳಿತು, ಕ್ಷಣಮಾತ್ರದಲ್ಲಿ ಕೆಳಗಣ ಪದರದೊಳಗೆ ಲೀನವಾಗುತ್ತದೆ.

ಚಲನಚಿತ್ರಗಳಿಗೆ ದೃಶ್ಯವನ್ನು ರಚಿಸುವ ಗಣಕಯಂತ್ರಕ್ಕೆ ಈ ಒಂದು ಸುರುಳಿಯನ್ನು ಕಲಿಸಲು ಎಷ್ಟು ಕಾಲ ಹಿಡಿಯಿತೆಂಬುದೇ ಇಲ್ಲಿಯ ಕಥೆ.

ಸಮೀಕರಣಗಳಿಗೇನೂ ಕೊರತೆಯಿರಲಿಲ್ಲ. ಫ್ರಾನ್ಸಿನ ನವಿಯೆ 1822ರಲ್ಲಿ, ಬ್ರಿಟನ್ನಿನ ಸ್ಟೋಕ್ಸ್ 1845ರಲ್ಲಿ, ಸ್ನಿಗ್ಧ, ಎಂದರೆ ಹರಿವಿಗೆ ಒಳಗಿನಿಂದಲೇ ತಡೆಯೊಡ್ಡುವ, ದ್ರವಗಳ ಚಲನೆಯ ನಿಯಮಗಳನ್ನು ರೂಪಿಸಿದ್ದರು. 1965ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಹಾರ್ಲೋ ಮತ್ತು ವೆಲ್ಚ್ ಎಂಬಿಬ್ಬರು, ದ್ರವವಿರುವ ಎಡೆಯನ್ನು ಸಣ್ಣ ಸಣ್ಣ ಚೌಕಗಳಾಗಿ ವಿಭಾಗಿಸಿ, ದ್ರವ ಎಲ್ಲಿದೆಯೆಂಬುದನ್ನು ತೇಲುವ ಗುರುತುಕಣಗಳಿಂದ ಅರಿಯುವ ವಿಧಾನವನ್ನು ಕಂಡುಹಿಡಿದರು. 1996ರಲ್ಲಿ ಫಾಸ್ಟರ್ ಮತ್ತು ಮೆಟಾಕ್ಸಸ್ ಅದನ್ನು ಚಿತ್ರರಚನೆಗೆ ಅಳವಡಿಸಿದರು. 2001ರ ‘ಶ್ರೆಕ್’ ಚಿತ್ರದ ಕೆಸರು ಈ ಪರಂಪರೆಯದೇ.

ಆದರೆ ದ್ರವವು ದಟ್ಟವಾದಷ್ಟೂ ಲೆಕ್ಕ ಕಷ್ಟವಾಗುತ್ತಿತ್ತು. ಸ್ನಿಗ್ಧತೆ ಸಾವಿರಪಟ್ಟು ಹೆಚ್ಚಿದರೆ ಗಣಕವು ಕಾಲದಲ್ಲಿ ಇಡುವ ಹೆಜ್ಜೆಯೂ ಸಾವಿರಪಟ್ಟು ಕಿರಿದಾಗಬೇಕಿತ್ತು. ಚೌಕದ ಅಗಲವನ್ನು ಅರ್ಧಕ್ಕಿಳಿಸಿದರೆ ಹೆಜ್ಜೆ ಕಾಲುಭಾಗಕ್ಕಿಳಿಯುತ್ತಿತ್ತು. ಜೇನೋ ನೀರಿಗಿಂತ ಹಲವು ಸಾವಿರ ಪಟ್ಟು ಸ್ನಿಗ್ಧ. ಮುಂದಿನ ಕ್ಷಣದ ವೇಗಗಳನ್ನೆಲ್ಲ ಒಟ್ಟಿಗೆ ಬಿಡಿಸಿಕೊಳ್ಳುವ ಮಾರ್ಗವನ್ನು 2002ರಲ್ಲಿ ಕಾರ್ಲ್‌ಸನ್ ಮತ್ತು ಸಂಗಡಿಗರು ಕರಗುವ ವಸ್ತುಗಳಿಗೆ ಅನ್ವಯಿಸಿದಾಗ ಈ ತೊಡಕು ಹರಿಯಿತು. ಮೇಣ ಕರಗಿತು, ಕೆಸರು ಹರಿಯಿತು. ಸುರುಳಿ ಮಾತ್ರ ಮೂಡಲಿಲ್ಲ.

ದೋಷವಿದ್ದುದು ದ್ರವದ ಒಡಲಲ್ಲಲ್ಲ, ಹೊರಮೈಯಲ್ಲಿ. ಪಾಕವು ಗಾಳಿಯನ್ನು ಸಂಧಿಸುವೆಡೆಯಲ್ಲಿ ಅದನ್ನು ಹಿಡಿದೆಳೆಯುವವರು ಯಾರೂ ಇಲ್ಲ. ಹಿಂದಿನ ವಿಧಾನಗಳಾದರೋ, ಲೆಕ್ಕದ ಸೌಕರ್ಯಕ್ಕಾಗಿ, ಅಲ್ಲಿಯೂ ಉದ್ದ ಅಗಲ ಎತ್ತರಗಳ ದಿಕ್ಕಿನ ವೇಗಗಳನ್ನು ಬಿಡಿಬಿಡಿಯಾಗಿ ಎಣಿಸುತ್ತಿದ್ದುವು. ತಿರುಗುವ ವಸ್ತುವಿನಲ್ಲಿ ಈ ಮೂರೂ ಒಂದನ್ನೊಂದು ಅಗಲಿರಲಾರವು. ಅಗಲಿಸಿದೊಡನೆ ತಿರುಗುವಿಕೆಯೇ ಘರ್ಷಣೆಯೆಂದು ಎಣಿಕೆಗೆ ಬಂದು, ಗಾಳಿಯಲ್ಲಿ ಸುತ್ತುತ್ತಿದ್ದ ಮುದ್ದೆ ಅಕಾರಣವಾಗಿ ನಿಂತುಬಿಡುತ್ತಿತ್ತು. ತಿರುಗಲಾರದ ದಾರ ಸುರುಳಿಯಾಗುವುದೆಂತು? 2008ರಲ್ಲಿ ಕೆನಡದ ಕ್ರಿಸ್ಟೋಫರ್ ಬ್ಯಾಟಿ ಮತ್ತು ರಾಬರ್ಟ್ ಬ್ರಿಡ್‌ಸನ್, ಹಿಂದಿನ ಚಲನೆಗೆ ಆದಷ್ಟು ಸಮೀಪವಾಗಿದ್ದು ಘರ್ಷಣೆಯ ವ್ಯಯವನ್ನು ಕನಿಷ್ಠಗೊಳಿಸುವ ವೇಗ ಯಾವುದೆಂದು ಪ್ರಶ್ನೆಯನ್ನೇ ಬದಲಿಸಿದರು. ಹಾಗೆ ಕೇಳಿದಾಗ ಹೊರಮೈಯ ನಿಯಮ ತಾನಾಗಿ ಈಡೇರಿತು. ದಾರ ಬಾಗಿತು, ಮಡಿಚಿಕೊಂಡಿತು, ಸುತ್ತಿತು. 1965ರಿಂದ ಎಣಿಸಿದರೆ 43 ವರ್ಷ! ಒತ್ತಡವನ್ನೂ ಸ್ನಿಗ್ಧತೆಯನ್ನೂ ಬೇರೆಬೇರೆಯಾಗಿ ಬಿಡಿಸುವುದರಿಂದ ಉಳಿದಿದ್ದ ಕುಂದನ್ನು 2017ರಲ್ಲಿ ಲಾರಿಯೊನೊವ್ ಎಂಬವರು ಬ್ಯಾಟಿ, ಬ್ರಿಡ್‌ಸನ್ ಇಬ್ಬರೊಡನೆ ಸೇರಿ ನಿವಾರಿಸಿದರು.

2015ರ ‘ಬಾಹುಬಲಿ’ಯ ಜಲಪಾತಕ್ಕಾಗಿ ಹೈದರಾಬಾದಿನ ಮಕುಟ ಸಂಸ್ಥೆಯ ಕಲಾವಿದರು ಪಟ್ಟ ಶ್ರಮ ಸಾಮಾನ್ಯವಲ್ಲ. ಆದರೂ ನೀರಿಗೊಂದು ಔದಾರ್ಯವುಂಟು: ಸಣ್ಣಪುಟ್ಟ ತಪ್ಪುಗಳನ್ನು ನೊರೆ ಮುಚ್ಚಿಕೊಳ್ಳುತ್ತದೆ. ನಿಧಾನವಾಗಿ ಇಳಿಯುವ ಪಾಕಕ್ಕೆ ಆ ಮರೆಯಿಲ್ಲ. ಅದನ್ನು ದಿನವೂ ಕಂಡ ಕಣ್ಣು ಹುಸಿಯನ್ನು ಒಡನೆಯೇ ಗುರುತಿಸುತ್ತದೆ. ಪಾಕದ ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಿನಿಂದ ಉಂಡೆ ಕಟ್ಟಿ ಹದವನ್ನು ನಿರ್ಣಯಿಸುವ ಆಲೆಮನೆಯವನ ಜ್ಞಾನವನ್ನು ನಾನು ಆ ಗಣಿತಜ್ಞರ ಜ್ಞಾನಕ್ಕಿಂತ ಕಡಮೆಯೆಂದು ಎಣಿಸಲಾರೆ.

ಮನೆಯಲ್ಲಿ ಜೋನಿಬೆಲ್ಲವಿದ್ದರೆ, ಚಮಚವನ್ನು ಗೇಣುದ್ದ ಮೇಲೆತ್ತಿ ತಟ್ಟೆಗೆ ಮೆಲ್ಲನೆ ಬಿಟ್ಟು ನೋಡಿರಿ.